1989ರ ಟಿವಿ ಪರದೆಯನ್ನು ಕಿರುಚಿತ್ರದಲ್ಲಿ ತೋರಿಸುವಾಗ ಅಡ್ಡಗೆರೆ ಮತ್ತು ಮಿನುಗು ಎಷ್ಟಿರಬೇಕು?

ಪ್ರಶ್ನೆ ಕೇಳಿದವರು: ಜಗಲಿ_ಕಿರುಚಿತ್ರ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ಸೇರಿ ಹದಿನೆಂಟು ನಿಮಿಷದ ಒಂದು ಕಿರುಚಿತ್ರವನ್ನು ಮಾಡುತ್ತಿದ್ದೇವೆ. ಕಥೆ ನಡೆಯುವುದು 1989ರಲ್ಲಿ, ಸಾಗರದ ಕಡೆಯ ಒಂದು ಹಳ್ಳಿಮನೆಯಲ್ಲಿ. ಊರಿಗೆಲ್ಲ ಇರುವ ಒಂದೇ ಟಿವಿಯನ್ನು ನೋಡಲು ಭಾನುವಾರ ಸಂಜೆ ಆ ಮನೆಯ ಜಗಲಿಯಲ್ಲಿ ಜನ ಸೇರುತ್ತಾರೆ. ಸುಮಾರು ನಾಲ್ಕು ನಿಮಿಷಗಳ ಕಾಲ ಟಿವಿಯ ಪರದೆಯೇ ಚೌಕಟ್ಟಿನ ತುಂಬ ಕಾಣಿಸುತ್ತದೆ. ಆ ಪರದೆಯೊಳಗೆ ಬರುವ ಹಾಡು ಮತ್ತು ವಾರ್ತೆಯ ದೃಶ್ಯಗಳನ್ನು ನಾವೇ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರಿಸಿಕೊಂಡಿದ್ದೇವೆ. ಅವುಗಳಿಗೆ ಸಂಕಲನದ ತಂತ್ರಾಂಶದಲ್ಲಿ ಸಿಗುವ ಹಳೆಯ ಟಿವಿಯ ಫಿಲ್ಟರ್ ಹಾಕಿ, ಕಪ್ಪು ಅಡ್ಡಗೆರೆಗಳನ್ನು, ಬೆಳಕಿನ ಮಿನುಗನ್ನು, ಆಗಾಗ ಚಿತ್ರ ಹರಿದಂತೆ ಕಾಣುವ ಗೀರುಗಳನ್ನು ಸೇರಿಸಿದ್ದೇವೆ.

ಮೊದಲ ಕರಡನ್ನು ಕೆಲವರಿಗೆ ತೋರಿಸಿದಾಗ ಮೂರು ತೊಂದರೆಗಳು ಎದುರಾದವು. ನಮ್ಮ ದೊಡ್ಡಪ್ಪ ಅಂಥದ್ದೇ ಮನೆಯಲ್ಲಿ ಬೆಳೆದವರು. ಅವರು ಸ್ವಲ್ಪ ಹೊತ್ತು ನೋಡಿ, "ನಮ್ಮ ಟಿವಿ ಹೀಗೆ ಕಾಣುತ್ತಿರಲಿಲ್ಲ" ಎಂದರು. ಹಾಗಾದರೆ ಹೇಗೆ ಕಾಣುತ್ತಿತ್ತು ಎಂದು ಕೇಳಿದರೆ ಅವರಿಗೆ ಹೇಳಲು ಬರಲಿಲ್ಲ. ಎರಡನೆಯದಾಗಿ, ಮೊಬೈಲಿನಲ್ಲಿ ನೋಡಿದವರಿಗೆ ಅಡ್ಡಗೆರೆಗಳ ಬದಲು ಪರದೆಯ ಮೇಲೆ ಅಲೆಅಲೆಯಾದ ದಪ್ಪ ಪಟ್ಟೆಗಳು ಕಂಡವು. ಮೂರನೆಯದಾಗಿ, ಮಿನುಗಿನಿಂದ ತಲೆನೋವು ಬಂತೆಂದು ಒಬ್ಬ ಗೆಳತಿ ನೋಡುವುದನ್ನೇ ಅರ್ಧಕ್ಕೆ ನಿಲ್ಲಿಸಿದರು. ಗೆರೆಯ ದಪ್ಪ ಎಷ್ಟಿರಬೇಕು, ಮಿನುಗಿನ ವೇಗ ಎಷ್ಟಿರಬೇಕು, ನಿಜವಾದ ಹಳೆಯ ಟಿವಿಯನ್ನೇ ತಂದು ಚಿತ್ರಿಸುವುದು ಒಳ್ಳೆಯದೇ ಎಂಬುದನ್ನು ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ: ಪಿಕ್ಚರ್_ಟ್ಯೂಬ್

ನಾನು ಶಿವಮೊಗ್ಗದಲ್ಲಿ ಇಪ್ಪತ್ತೈದು ವರ್ಷ ಟಿವಿ ರಿಪೇರಿ ಮಾಡಿದವನು. ನಿಮ್ಮ ದೊಡ್ಡಪ್ಪ ಹೇಳಿದ್ದು ಸರಿ. ಅವರಿಗೆ ವಿವರಿಸಲು ಆಗದಿದ್ದುದನ್ನು ನಾನು ಬರೆಯಲು ಪ್ರಯತ್ನಿಸುತ್ತೇನೆ.

ನಮ್ಮ ದೇಶದ ಪ್ರಸಾರದಲ್ಲಿ ಒಂದು ಪೂರ್ಣ ಚಿತ್ರಕ್ಕೆ 625 ಗೆರೆಗಳಿದ್ದವು. ಅವುಗಳಲ್ಲಿ ಸುಮಾರು 576 ಗೆರೆಗಳಲ್ಲಿ ಚಿತ್ರವಿರುತ್ತಿತ್ತು. ಸೆಕೆಂಡಿಗೆ ಬರುತ್ತಿದ್ದ ಪೂರ್ಣ ಚಿತ್ರಗಳು 25. ಆದರೆ ಒಂದು ಚಿತ್ರವನ್ನು ಮೇಲಿಂದ ಕೆಳಗಿನವರೆಗೆ ಒಂದೇ ಸಲ ಬರೆಯುತ್ತಿರಲಿಲ್ಲ. ಒಂದು ಸಾಲು ಬಿಟ್ಟು ಒಂದು ಸಾಲು ಉಳುತ್ತ ಹೊಲದ ಕೊನೆ ಮುಟ್ಟಿ, ಮತ್ತೆ ಮೊದಲಿನಿಂದ ಬಂದು ಬಿಟ್ಟ ಸಾಲುಗಳನ್ನು ಉಳುವಂತೆ, ಎಲೆಕ್ಟ್ರಾನ್ ಕಿರಣವು ಮೊದಲು ಒಂದು ಸರಣಿಯ ಗೆರೆಗಳನ್ನು, ಆಮೇಲೆ ಅವುಗಳ ನಡುವಿನ ಗೆರೆಗಳನ್ನು ಬರೆಯುತ್ತಿತ್ತು. ಇಂತಹ ಅರ್ಧ ಚಿತ್ರಕ್ಕೆ ಫೀಲ್ಡ್ ಎನ್ನುತ್ತೇವೆ. ಹೀಗೆ ಸೆಕೆಂಡಿಗೆ 50 ಸಲ ಪರದೆಯ ಮೇಲಿನಿಂದ ಕೆಳಗಿನವರೆಗೆ ಬೆಳಕು ಹರಿಯುತ್ತಿದ್ದುದರಿಂದ 25 ಚಿತ್ರಗಳಷ್ಟೇ ಇದ್ದರೂ ಕಣ್ಣಿಗೆ ಮಿನುಗು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಒಂದು ಫೀಲ್ಡ್ ಬಿಟ್ಟ ಖಾಲಿ ಸಾಲನ್ನು ಮುಂದಿನ ಫೀಲ್ಡ್ ತುಂಬುತ್ತಿದ್ದುದರಿಂದ ಗೆರೆಗಳ ನಡುವೆ ನೀವು ಹಾಕಿರುವಂತಹ ಕಪ್ಪು ಜಾಗವೂ ಉಳಿಯುತ್ತಿರಲಿಲ್ಲ.

ಇನ್ನು ಅಳತೆಯ ಲೆಕ್ಕ ನೋಡಿ. 20 ಇಂಚಿನ ಟಿವಿಯ ಚಿತ್ರದ ಎತ್ತರ ಸುಮಾರು 30 ಸೆಂಟಿಮೀಟರ್. ಅಷ್ಟರಲ್ಲಿ 576 ಗೆರೆಗಳೆಂದರೆ ಒಂದು ಗೆರೆಯಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಎಂಟು ಅಡಿ ದೂರದಲ್ಲಿ ಕೂತ ಮನುಷ್ಯನಿಗೆ, ಕಣ್ಣು ಎಷ್ಟೇ ಚೆನ್ನಾಗಿದ್ದರೂ, ಸುಮಾರು 0.7 ಮಿಲಿಮೀಟರ್‌ಗಿಂತ ಹತ್ತಿರವಿರುವ ಗೆರೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಜಗಲಿಯಲ್ಲಿ ಹಿಂದೆ ಕೂತವರಿಗಂತೂ ಪ್ರಶ್ನೆಯೇ ಇಲ್ಲ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದ ಮಕ್ಕಳಿಗೆ ಮಾತ್ರ ಗೆರೆ ಕಾಣುತ್ತಿತ್ತು, ಅಷ್ಟರಲ್ಲಿ ಹಿರಿಯರು ಗದರಿಸಿ ಹಿಂದಕ್ಕೆ ಕೂರಿಸುತ್ತಿದ್ದರು.

ಹಾಗೆಂದು ಆ ಕಾಲದ ಚಿತ್ರ ಶುದ್ಧವಾಗಿತ್ತೆಂದು ತಿಳಿಯಬಾರದು. ಅದರಲ್ಲಿ ದೋಷಗಳು ಬೇಕಾದಷ್ಟಿದ್ದವು, ಆದರೆ ಅವು ನೀವು ಹಾಕಿರುವ ದೋಷಗಳಲ್ಲ. ಮಲೆನಾಡಿನ ಟಿವಿಯ ಮೊದಲ ದೋಷ ನೆರಳು. ಮರುಪ್ರಸಾರ ಕೇಂದ್ರದಿಂದ ನೇರವಾಗಿ ಬರುವ ಅಲೆಯ ಜೊತೆಗೆ ಗುಡ್ಡಕ್ಕೆ ಬಡಿದು ಸುತ್ತಿ ಬರುವ ಅಲೆಯೂ ಆಂಟೆನಾಕ್ಕೆ ಸೇರಿದಾಗ, ಪ್ರತಿಯೊಂದು ಮುಖದ ಬಲಗಡೆಗೂ ಅದರದೇ ಇನ್ನೊಂದು ಮಸುಕಾದ ಮುಖ ಮೂಡುತ್ತಿತ್ತು. ಅದು ಸದಾ ಬಲಕ್ಕೇ ಬೀಳುವುದಕ್ಕೆ ಕಾರಣ, ಕಿರಣವು ಎಡದಿಂದ ಬಲಕ್ಕೆ ಬರೆಯುವುದು ಮತ್ತು ಸುತ್ತಿ ಬಂದ ಅಲೆ ತಡವಾಗಿ ತಲುಪುವುದು. ಒಂದು ಗೆರೆಯ ಚಿತ್ರಭಾಗ ಬರೆಯಲು 52 ಮೈಕ್ರೋಸೆಕೆಂಡ್ ಬೇಕು. 20 ಇಂಚಿನ ಟಿವಿಯಲ್ಲಿ ನೆರಳು 8 ಮಿಲಿಮೀಟರಿನಷ್ಟು ಬಲಕ್ಕೆ ಬಿದ್ದಿದೆಯೆಂದರೆ ಅಲೆ ಸುಮಾರು 300 ಮೀಟರ್ ಹೆಚ್ಚು ದೂರ ಸುತ್ತಿ ಬಂದಿದೆ ಎಂದು ಲೆಕ್ಕ ಹಾಕಬಹುದು. ಆಂಟೆನಾ ತಿರುಗಿಸಿ ಹೊಂದಿಸುವಾಗ ಈ ಲೆಕ್ಕ ನನಗೆ ಎಷ್ಟೋ ಸಲ ಉಪಯೋಗಕ್ಕೆ ಬಂದಿದೆ, ಯಾವ ಗುಡ್ಡ ತೊಂದರೆ ಕೊಡುತ್ತಿದೆ ಎಂದು ಅದರಿಂದ ಊಹಿಸಬಹುದಿತ್ತು.

ಸಿಗ್ನಲ್ ದುರ್ಬಲವಾದಾಗ ಪರದೆಯ ತುಂಬ ಅಕ್ಕಿ ಚೆಲ್ಲಿದಂತಹ ಚುಕ್ಕೆಗಳು ಬರುತ್ತಿದ್ದವು. ಸಿಗ್ನಲ್ಲನ್ನು ಹೆಚ್ಚಿಸುವ ಬೂಸ್ಟರ್ ಹಾಕಿದರೆ ಚಿತ್ರದ ಜೊತೆಗೆ ಚುಕ್ಕೆಯೂ ಬಲಗೊಳ್ಳುತ್ತಿತ್ತು. ಸಂಜೆ ಎಲ್ಲರ ಮನೆಯಲ್ಲೂ ದೀಪ ಹೊತ್ತಿದ ಮೇಲೆ ವೋಲ್ಟೇಜ್ ಇಳಿದು, ಸ್ಟೆಬಿಲೈಸರ್ ಇಲ್ಲದ ಮನೆಗಳಲ್ಲಿ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಅಂಚಿನಲ್ಲಿ ಕಪ್ಪು ಚೌಕಟ್ಟು ಕಾಣಿಸಿಕೊಳ್ಳುತ್ತಿತ್ತು. ಚಿತ್ರವನ್ನು ಮೇಲೆ-ಕೆಳಗೆ ಜಾರದಂತೆ ಹಿಡಿದಿಡುವ ವರ್ಟಿಕಲ್ ಹೋಲ್ಡ್ ತಪ್ಪಿದರೆ ಚಿತ್ರವು ಮೇಲಕ್ಕೋ ಕೆಳಕ್ಕೋ ಓಡುತ್ತಿತ್ತು, ಎರಡು ಚಿತ್ರಗಳ ನಡುವೆ ದಪ್ಪ ಕಪ್ಪು ಪಟ್ಟಿ ಹಾದುಹೋಗುತ್ತಿತ್ತು. ಹಾರಿಜಾಂಟಲ್ ಹೋಲ್ಡ್ ತಪ್ಪಿದರೆ ಚಿತ್ರವೆಲ್ಲ ಓರೆಯಾದ ಪಟ್ಟೆಗಳಾಗಿ ಸೀಳುತ್ತಿತ್ತು. ನಿಮ್ಮ ದೊಡ್ಡಪ್ಪನವರಿಗೆ ಈ ಹೆಸರುಗಳನ್ನು ಹೇಳಿ ನೋಡಿ, ಅವರ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಬಣ್ಣದ ಪ್ರಸಾರ 1982ರಲ್ಲೇ ಬಂದಿದ್ದರೂ 1989ರಲ್ಲಿ ನಾನು ಹಳ್ಳಿಗಳಿಗೆ ಹೋಗಿ ರಿಪೇರಿ ಮಾಡುತ್ತಿದ್ದ ಸೆಟ್‌ಗಳಲ್ಲಿ ಹೆಚ್ಚಿನವು ಕಪ್ಪು-ಬಿಳುಪಿನವು. ನಿಮ್ಮ ಕಥೆಯ ಟಿವಿಯೂ ಕಪ್ಪು-ಬಿಳುಪಿನದಾದರೆ, ಫಿಲ್ಟರಿನಲ್ಲಿ ಕಾಣುವ ಕೆಂಪು, ಹಸಿರು, ನೀಲಿ ಚುಕ್ಕೆಗಳನ್ನು ದಯವಿಟ್ಟು ತೆಗೆದುಬಿಡಿ. ಅಂತಹ ಚುಕ್ಕೆಗಳಿರುವುದು ಬಣ್ಣದ ಟ್ಯೂಬಿನಲ್ಲಿ ಮಾತ್ರ. ಕಪ್ಪು-ಬಿಳುಪು ಟ್ಯೂಬಿನ ಒಳಗೋಡೆಗೆ ಕಿರಣ ಬಿದ್ದಾಗ ಬೆಳಗುವ ಫಾಸ್ಫರ್ ಎಂಬ ವಸ್ತುವಿನ ಒಂದೇ ಸಮನಾದ ಲೇಪನವಿರುತ್ತದೆ, ಅದರ ಬಿಳುಪು ತುಸು ನೀಲಿಯ ಕಡೆಗೆ ವಾಲಿರುತ್ತದೆ.


ಉತ್ತರ: ಸಂಕಲನ_ಮೇಜು

ಹಿರಿಯರ ಉತ್ತರವನ್ನು ಎರಡು ಸಲ ಓದಿದೆ. ಮನೆಯೊಳಗಿನ ನೋಟದ ಬಗ್ಗೆ ಅವರು ಹೇಳಿದ್ದೆಲ್ಲವನ್ನೂ ಒಪ್ಪುತ್ತೇನೆ. ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಕಪ್ಪು ಅಡ್ಡಗೆರೆ ಶುದ್ಧ ಕಲ್ಪನೆಯಲ್ಲ, ಅದು ಬೇರೊಂದು ಯಂತ್ರದ ನಿಜವಾದ ಗುರುತು. ಟಿವಿಗೆ ಜೋಡಿಸಿ ಆಡುತ್ತಿದ್ದ ಕಾರ್ಟ್ರಿಡ್ಜ್ ವಿಡಿಯೊ ಗೇಮ್‌ಗಳನ್ನು ನೆನಪಿಸಿಕೊಳ್ಳಿ. ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್ ಮತ್ತು ಅದರ ನಕಲುಗಳು ಚಿತ್ರವನ್ನು ಎರಡು ಫೀಲ್ಡ್‌ಗಳಾಗಿ ಹೆಣೆಯುತ್ತಿರಲಿಲ್ಲ. ಪ್ರತಿ ಸಲವೂ ಅದೇ 240 ಗೆರೆಗಳನ್ನು ಅದೇ ಜಾಗದಲ್ಲಿ ಬರೆಯುತ್ತಿದ್ದವು. ನಡುವಿನ ಸಾಲುಗಳನ್ನು ತುಂಬುವವರೇ ಇಲ್ಲದ್ದರಿಂದ ಅವು ಕಪ್ಪಾಗಿಯೇ ಉಳಿಯುತ್ತಿದ್ದವು. ಗೆರೆಗಳ ಅಂತರ ಹೆಚ್ಚುಕಡಿಮೆ ಎರಡರಷ್ಟಾಯಿತು, ತಂತಿ ಗಿಡ್ಡವಾಗಿದ್ದ ಕಾರಣ ಮಕ್ಕಳು ಕೂರುತ್ತಿದ್ದುದೂ ಮೂರು-ನಾಲ್ಕು ಅಡಿ ದೂರದಲ್ಲಿ. ಹಾಗಾಗಿ ಆ ಆಟಗಳನ್ನು ಆಡಿ ಬೆಳೆದವರ ನೆನಪಿನಲ್ಲಿ ಗೆರೆಗಳು ನಿಜವಾಗಿಯೇ ಇವೆ. ಮುಂದೆ ಅವರಲ್ಲೇ ಕೆಲವರು ತಂತ್ರಾಂಶ ಬರೆಯುವವರಾದಾಗ ಆ ಗೆರೆ ಇಡೀ ಹಳೆಯ ಕಾಲದ ಚಿಹ್ನೆಯಾಗಿಬಿಟ್ಟಿತು. ಇಂದಿನ ಇಪ್ಪತ್ತು ವರ್ಷದ ಪ್ರೇಕ್ಷಕರು ಗೆರೆ ಕಂಡ ಕೂಡಲೇ ಇದು ಹಳೆಯ ಟಿವಿ ಎಂದು ಓದಿಕೊಳ್ಳುತ್ತಾರೆ. ಶೀರ್ಷಿಕೆಯಲ್ಲಾಗಲಿ ಪೋಸ್ಟರಿನಲ್ಲಾಗಲಿ ಆ ಚಿಹ್ನೆಯನ್ನು ಬಳಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಕಥೆಯೊಳಗಿನ ಜನ ನೋಡುತ್ತಿರುವ ಪರದೆಯ ಮೇಲೆ ಅದು ಬರಬಾರದು ಎಂಬುದನ್ನು ಈಗ ನಾನೂ ಒಪ್ಪುತ್ತೇನೆ.

ಗೀರುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಗೊಂದಲವಿದೆ. ನೀವು ಹಾಕಿರುವ, ಚಿತ್ರ ಹರಿದಂತೆ ಕಾಣುವ ಪಟ್ಟಿಗಳು ಪ್ರಸಾರದ ಟಿವಿಯವಲ್ಲ, ವಿಎಚ್‌ಎಸ್ ಕ್ಯಾಸೆಟ್ಟಿನವು. ಆ ಯಂತ್ರದಲ್ಲಿ ಟೇಪನ್ನು ಓದುವ ಎರಡು ಹೆಡ್‌ಗಳಿರುವ ಉರುಳೆಯೊಂದು ಸೆಕೆಂಡಿಗೆ 25 ಸುತ್ತು ತಿರುಗುತ್ತ, ಒಂದೊಂದು ಫೀಲ್ಡನ್ನು ಒಂದೊಂದು ಹೆಡ್ ಓದುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವ ಕ್ಷಣದ ಕಲಕು ಚಿತ್ರದ ಕಟ್ಟಕಡೆಯ ಕೆಲವು ಗೆರೆಗಳಲ್ಲಿ ಬೀಳುತ್ತದೆ. ಆದರೆ ಹಳೆಯ ಟಿವಿಗಳು ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದುದರಿಂದ ಅದು ಆ ಕಾಲದ ನೋಡುಗರಿಗೆ ಸಾಮಾನ್ಯವಾಗಿ ಕಾಣುತ್ತಲೇ ಇರಲಿಲ್ಲ. ಮನೆಯ ಮದುವೆ ಕ್ಯಾಸೆಟ್ಟನ್ನು ಈಗ ಯಾರಾದರೂ ಡಿಜಿಟಲ್ ಮಾಡಿಸಿದ್ದರೆ ಆ ಕಡತದ ತಳಭಾಗವನ್ನು ಗಮನಿಸಿ, ಅಲ್ಲಿ ಆ ಕಲಕು ಸ್ಪಷ್ಟವಾಗಿ ಕುಣಿಯುತ್ತಿರುತ್ತದೆ. ಕೆಂಪು ಸೀರೆಯ ಬಣ್ಣ ಸೀರೆಯ ಅಂಚನ್ನು ದಾಟಿ ಪಕ್ಕಕ್ಕೆ ಸೋರಿರುವುದೂ ಕ್ಯಾಸೆಟ್ಟಿನ ಗುಣವೇ, ಏಕೆಂದರೆ ಅದರಲ್ಲಿ ಬಣ್ಣಕ್ಕೆ ಮೀಸಲಿಟ್ಟ ಜಾಗ ತೀರ ಕಡಿಮೆ. ನಿಮ್ಮ ಜಗಲಿಯಲ್ಲಿ ಕ್ಯಾಸೆಟ್ ಪ್ಲೇಯರ್ ಇಲ್ಲದ ಮೇಲೆ ಇವು ಯಾವುದೂ ಬೇಡ.

ಮೊಬೈಲಿನಲ್ಲಿ ಕಂಡ ಅಲೆಗಳಿಗೆ ಕಾರಣ ಸರಳ ಭಾಗಾಕಾರ. 1080 ಬಿಂದುಗಳ (ಪಿಕ್ಸೆಲ್‌ಗಳ) ಎತ್ತರದಲ್ಲಿ 240 ಗೆರೆಗಳನ್ನು ಕೂರಿಸಿದರೆ ಒಂದು ಗೆರೆಗೆ 4.5 ಬಿಂದು ಸಿಗುತ್ತದೆ. ಅರ್ಧ ಬಿಂದು ಎಂಬುದು ಇಲ್ಲದ್ದರಿಂದ ಕೆಲವು ಗೆರೆ ದಪ್ಪವಾಗಿ, ಕೆಲವು ತೆಳುವಾಗಿ, ಆ ಏರಿಳಿತವೇ ಹೊಸ ಪಟ್ಟೆಯಾಗಿ ಮೂಡುತ್ತದೆ. ತುಂಬ ಸಣ್ಣ ಕಣ್ಣಿನ ಎರಡು ಜಾಲರಿಗಳನ್ನು ಒಂದರ ಮೇಲೊಂದು ಹಿಡಿದಾಗ ಕಾಣುವ ಅಲೆಗಳೂ ಇದೇ ಜಾತಿಯವು. 216 ಗೆರೆಗಳಾದರೆ ಸರಿಯಾಗಿ 5 ಬಿಂದು ಬರುತ್ತದೆ, 2160 ಎತ್ತರದ ಚಿತ್ರದಲ್ಲಿ 240 ಗೆರೆಗಳಿಗೆ ಸರಿಯಾಗಿ 9 ಬರುತ್ತದೆ. ಆದರೆ ಈ ಹೊಂದಾಣಿಕೆಯೂ ನಿಮ್ಮ ಸಂಕಲನದ ಪರದೆಯ ಮೇಲೆ ಮಾತ್ರ ಉಳಿಯುತ್ತದೆ. ನೋಡುವವರ ಫೋನು ಅದನ್ನು 720ಕ್ಕೋ 480ಕ್ಕೋ ಇಳಿಸಿಕೊಂಡಾಗ ಲೆಕ್ಕ ಮತ್ತೆ ಕೆಡುತ್ತದೆ. ಪರದೆಯನ್ನು ಓರೆಯಾಗಿ, ಜಗಲಿಯ ಮೂಲೆಯಿಂದ ತೋರಿಸುವ ಶಾಟ್‌ಗಳಲ್ಲಂತೂ ಕೆಡುವುದು ಖಚಿತ.

ಚುಕ್ಕೆಗಳಿಗೂ ಒಂದು ಎಚ್ಚರಿಕೆ ಅಗತ್ಯ. ವಿಡಿಯೊ ಕುಗ್ಗಿಸುವ ಕ್ರಮವು ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸಿ, ಬದಲಾದದ್ದನ್ನು ಮಾತ್ರ ಬರೆದಿಡುತ್ತದೆ. ಪರದೆಯ ತುಂಬ ಚುಕ್ಕೆ ಹಾರಿದಾಗ ಅಥವಾ ಇಡೀ ಚಿತ್ರದ ಬೆಳಕು ಕ್ಷಣಕ್ಷಣಕ್ಕೂ ಬದಲಾದಾಗ ಎಲ್ಲವೂ ಹೊಸದಾಗಿಯೇ ಇರುವುದರಿಂದ, ಇರುವ ಜಾಗದಲ್ಲಿ ಬರೆದು ಮುಗಿಸಲಾಗದೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ನೀವು ಕಷ್ಟಪಟ್ಟು ತಂದ ಹಳೆಯ ನೋಟದ ಮೇಲೆ ಹೊಸ ಕಾಲದ ದೋಷ ಬಂದು ಕೂರುತ್ತದೆ. ಆದ್ದರಿಂದ ಚುಕ್ಕೆಗಳು ಸಿಗ್ನಲ್ ಕೈಕೊಟ್ಟ ಒಂದೆರಡು ಕ್ಷಣಗಳಿಗಷ್ಟೇ ಇರಲಿ. ಅವು ಮರಳಿನ ಕಣಗಳಂತೆ ದುಂಡಗಿರದೆ, ಎಡದಿಂದ ಬಲಕ್ಕೆ ತುಸು ಎಳೆದ ಸಣ್ಣ ಗೀಟುಗಳಂತಿರಲಿ.


ಉತ್ತರ: ಬೆಳಕು_ಮತ್ತು_ನರ

ನಾನು ಮಕ್ಕಳ ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪ್ರಶ್ನೆ ಕೇಳಿದವರು ಮೂರನೆಯದಾಗಿ ಬರೆದ ತಲೆನೋವಿನ ಸಂಗತಿಯನ್ನು ಮೇಲಿನ ಇಬ್ಬರೂ ಮುಟ್ಟದಿರುವುದರಿಂದ ಬರೆಯುತ್ತಿದ್ದೇನೆ. ನನ್ನ ದೃಷ್ಟಿಯಲ್ಲಿ ಈ ಚರ್ಚೆಯ ಅತಿ ಮುಖ್ಯ ಭಾಗ ಅದೇ.

ನಿಮ್ಮ ಚಿತ್ರ ಸೆಕೆಂಡಿಗೆ 24 ಅಥವಾ 25 ಫ್ರೇಮುಗಳದ್ದಾಗಿರುತ್ತದೆ. ಹಳೆಯ ಟಿವಿಯ 50ರ ಮಿನುಗನ್ನು ಅದರೊಳಗೆ ತುಂಬಲು ಸಾಧ್ಯವೇ ಇಲ್ಲ. ಹಾಗಾಗಿ ಮಿನುಗು ಬೇಕೆಂದವರು ಒಂದು ಫ್ರೇಮನ್ನು ಬೆಳಗಿಸಿ ಮುಂದಿನದನ್ನು ಮಬ್ಬಾಗಿಸುತ್ತಾರೆ. ಆಗ ಸೆಕೆಂಡಿಗೆ 12 ಅಥವಾ 12.5 ಮಿಂಚುಗಳಾಗುತ್ತವೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾದಾಗ ಕೆಂಪು ಮತ್ತು ನೀಲಿ ಬಣ್ಣಗಳು ಸುಮಾರು ಇದೇ ವೇಗದಲ್ಲಿ, ಸೆಕೆಂಡಿಗೆ 12 ಸಲ, ಪರದೆಯ ತುಂಬ ಬದಲಾದವು. ಅಂದು 600ಕ್ಕೂ ಹೆಚ್ಚು ಮಂದಿಯನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅವರಲ್ಲಿ ಹಲವರಿಗೆ ಅದಕ್ಕೆ ಮುಂಚೆ ಎಂದೂ ಸೆಳವು (ಫಿಟ್ಸ್) ಬಂದಿರಲಿಲ್ಲ. ಬೆಳಕಿನಿಂದ ಪ್ರಚೋದನೆಗೊಳ್ಳುವ ಅಪಸ್ಮಾರ ಇರುವವರು ಸಮಾಜದಲ್ಲಿ ಕಡಿಮೆ. ಆದರೆ ತಮಗೆ ಅದು ಇದೆಯೆಂದು ಮೊದಲ ಸಲ ತಿಳಿಯುವುದೇ ಇಂತಹ ಒಂದು ಘಟನೆಯಿಂದ, ಅದೂ ಹೆಚ್ಚಾಗಿ ಬಾಲ್ಯ ಮತ್ತು ಹದಿಹರೆಯದಲ್ಲಿ.

ಜಾಲತಾಣಗಳ ಪ್ರವೇಶಸಾಧ್ಯತೆಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯು ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿಂಚು ಇರಬಾರದೆಂದು ಹೇಳುತ್ತದೆ. ಮಿಂಚು ಚಿಕ್ಕ ಜಾಗದಲ್ಲಿದ್ದರೆ ಅಥವಾ ಬೆಳಕಿನ ಏರಿಳಿತ ಅತ್ಯಲ್ಪವಾಗಿದ್ದರೆ ಮಾತ್ರ ಅದರಲ್ಲಿ ವಿನಾಯಿತಿಯಿದೆ. ಗಾಢವಾದ ಕೆಂಪನ್ನು ಅದು ವಿಶೇಷವಾಗಿ ಎಚ್ಚರಿಸುತ್ತದೆ. ಮಿಂಚಷ್ಟೇ ಅಲ್ಲ, ಕಪ್ಪು-ಬಿಳಿ ಪಟ್ಟೆಗಳ ನಿಯತ ವಿನ್ಯಾಸವೂ ಪರದೆಯ ಬಹುಭಾಗವನ್ನು ತುಂಬಿದಾಗ ಕೆಲವರಲ್ಲಿ ಸೆಳವನ್ನು ಪ್ರಚೋದಿಸಬಲ್ಲದು. ನಿಮ್ಮ ಕರಡಿನಲ್ಲಿ ಎರಡೂ ಒಟ್ಟಿಗೆ ಇವೆ. ಸಣ್ಣ ಗೆರೆಗಳು ಮೊಬೈಲಿನಲ್ಲಿ ದಪ್ಪ ಪಟ್ಟೆಗಳಾಗಿ ಅಲೆಯುತ್ತಿದ್ದವು ಎಂಬ ಮಾತು ಓದಿ ನನಗೆ ಇನ್ನಷ್ಟು ಆತಂಕವಾಯಿತು.

ಎಚ್ಚರಿಕೆಯ ಸಾಲೊಂದನ್ನು ಆರಂಭದಲ್ಲಿ ಹಾಕಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ತನಗೆ ಈ ತೊಂದರೆ ಇದೆಯೆಂದೇ ಗೊತ್ತಿಲ್ಲದ ಹುಡುಗಿಗೆ ಆ ಸಾಲಿನಿಂದ ಯಾವ ಉಪಯೋಗವೂ ಆಗುವುದಿಲ್ಲ. ಮಿನುಗನ್ನು ತೆಗೆಯುವುದೊಂದೇ ಸರಿಯಾದ ದಾರಿ. ನೋಡುತ್ತಿರುವವರು ಯಾರಿಗಾದರೂ ಕಣ್ಣು ಅದುರಿದಂತೆ, ತಲೆ ತೇಲಿದಂತೆ ಅನ್ನಿಸಿದರೆ ಕೂಡಲೇ ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿಕೊಂಡು ಪರದೆಯಿಂದ ಮುಖ ತಿರುಗಿಸಬೇಕು. ಎರಡೂ ಕಣ್ಣುಗಳನ್ನು ಸುಮ್ಮನೆ ಮುಚ್ಚಿದರೆ ರೆಪ್ಪೆಯ ಮೂಲಕವೂ ಬೆಳಕು ಹಾಯುತ್ತದೆ. ನಿಮ್ಮ ಗೆಳತಿಗೆ ತಲೆನೋವಿನ ಜೊತೆ ಬೇರೆ ಏನಾದರೂ ಅನುಭವವಾಗಿದ್ದರೆ ಒಮ್ಮೆ ವೈದ್ಯರನ್ನು ಕಾಣಲು ಹೇಳಿ.


ಉತ್ತರ: ಚಿತ್ರಕಲಾ_ಮೇಷ್ಟ್ರು

ತಂತ್ರದ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಪರದೆಯ ದೋಷವನ್ನು ಶೈಲಿಯಾಗಿ ನೋಡುವ ದೃಷ್ಟಿ ಫಿಲ್ಟರುಗಳಿಗಿಂತ ಬಹಳ ಹಳೆಯದು ಎಂಬುದನ್ನು ನೆನಪಿಸಲು ಬರೆಯುತ್ತಿದ್ದೇನೆ. ಕೊರಿಯಾದಲ್ಲಿ ಹುಟ್ಟಿದ ಕಲಾವಿದ ನಾಮ್ ಜೂನ್ ಪೈಕ್ 1963ರಲ್ಲಿ ಜರ್ಮನಿಯ ವುಪರ್ಟಾಲ್ ನಗರದಲ್ಲಿ ಟಿವಿ ಸೆಟ್‌ಗಳನ್ನೇ ಕಲಾಕೃತಿಗಳಾಗಿ ಪ್ರದರ್ಶಿಸಿದರು. ಅವುಗಳಲ್ಲಿ ಒಂದು ಕೆಟ್ಟುಹೋಗಿ, ಅದರ ಚಿತ್ರವೆಲ್ಲ ಕುಸಿದು ಒಂದೇ ಒಂದು ಬೆಳಕಿನ ಗೆರೆ ಉಳಿದಿತ್ತು. ಪೈಕ್ ಅದನ್ನು ರಿಪೇರಿ ಮಾಡಿಸದೆ, ಸೆಟ್ಟನ್ನು ಮಗ್ಗುಲಿಗೆ ತಿರುಗಿಸಿ, ಆ ಗೆರೆ ನೆಟ್ಟಗೆ ನಿಲ್ಲುವಂತೆ ಇಟ್ಟು, ಟಿವಿಗಾಗಿ ಝೆನ್ ಎಂಬ ಅರ್ಥದ ಹೆಸರು ಕೊಟ್ಟರು. 1965ರಲ್ಲಿ ಟಿವಿಯ ಮೇಲೆ ದೊಡ್ಡ ಅಯಸ್ಕಾಂತವೊಂದನ್ನು ಇಟ್ಟು, ಅದರ ಸೆಳೆತಕ್ಕೆ ಕಿರಣ ಬಾಗಿ ಪರದೆಯಲ್ಲಿ ಮೂಡುವ ಸುರುಳಿಗಳನ್ನೇ ಕೃತಿಯಾಗಿಸಿದರು.

ನನ್ನನ್ನು ಹಿಡಿದಿಡುವುದು ಆ ಕೃತಿಗಳಲ್ಲಿ ದೋಷವೂ ಯಂತ್ರವೂ ಒಂದೇ ಆಗಿರುವುದು. ಅಲ್ಲಿನ ಗೆರೆಯನ್ನು ಆ ಸೆಟ್ಟೇ ಬರೆದಿದೆ. ಆದ್ದರಿಂದ ಕಿರುಚಿತ್ರದ ತಂಡದವರಿಗೆ ನನ್ನ ಸಲಹೆ ಒಂದೇ: ಸಾಧ್ಯವಾದರೆ ನಿಜವಾದ ಟಿವಿಯನ್ನೇ ಹುಡುಕಿ ತನ್ನಿ, ಅದು ತನ್ನ ದೋಷವನ್ನು ತಾನೇ ತೋರಿಸಲಿ.


ಪ್ರತಿಕ್ರಿಯೆ: ಜಗಲಿ_ಕಿರುಚಿತ್ರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿಯೇ ಮಿನುಗನ್ನು ಪೂರ್ತಿಯಾಗಿ ತೆಗೆದೆವು. ಗೆರೆಗಳನ್ನೂ ಹರಿದ ಪಟ್ಟಿಗಳನ್ನೂ ತೆಗೆದು, ಚಿತ್ರದ ಹರಿತವನ್ನು ಕಡಿಮೆ ಮಾಡಿ, ಬಲಗಡೆಗೆ ಒಂದು ಮಸುಕಾದ ನೆರಳನ್ನು ಸೇರಿಸಿ ದೊಡ್ಡಪ್ಪನವರಿಗೆ ತೋರಿಸಿದೆವು. ಅವರು ನೆರಳನ್ನು ಕಂಡ ಕೂಡಲೇ, ಆಂಟೆನಾ ಕಟ್ಟಿದ್ದ ಅಡಿಕೆ ಮರದ ಕಂಬವನ್ನು ತಾವು ತಿರುಗಿಸುತ್ತ "ಬಂತಾ?" ಎಂದು ಕೂಗುತ್ತಿದ್ದುದನ್ನೂ, ಒಳಗಿನಿಂದ ಅತ್ತೆ "ಇನ್ನೂ ಸ್ವಲ್ಪ" ಎನ್ನುತ್ತಿದ್ದುದನ್ನೂ ಅರ್ಧ ಗಂಟೆ ಹೇಳಿದರು. ಆ ಮಾತುಗಳನ್ನು ಚಿತ್ರಕ್ಕೆ ಸೇರಿಸಿಕೊಳ್ಳಲು ನಿರ್ಧರಿಸಿದ್ದೇವೆ.

ಪರಿಚಯದವರ ಮನೆಯ ಅಟ್ಟದಲ್ಲಿ 20 ಇಂಚಿನ ಒಂದು ಕಪ್ಪು-ಬಿಳುಪು ಟಿವಿ ಸಿಕ್ಕಿದೆ, ಅದು ಹೊತ್ತಿಕೊಳ್ಳುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಪರೀಕ್ಷಿಸಿದಾಗ ಮಾತ್ರ ಪರದೆಯ ಮೇಲೆ ಒಂದು ಕಪ್ಪು ಪಟ್ಟಿ ನಿಲ್ಲದೆ ಉರುಳುತ್ತಿತ್ತು. ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಇದಕ್ಕೆ ಏನು ಮಾಡಬೇಕೆಂದು ಪಿಕ್ಚರ್_ಟ್ಯೂಬ್ ಅವರು ದಯವಿಟ್ಟು ತಿಳಿಸಬೇಕು. ಚಿತ್ರ ಮೇಲಕ್ಕೆ ಓಡುವ ಒಂದು ದೃಶ್ಯವೂ ನಮಗೆ ಬೇಕು.


ಉತ್ತರ: ಪಿಕ್ಚರ್_ಟ್ಯೂಬ್

ಸೆಟ್ ಸಿಕ್ಕಿದ್ದು ಕೇಳಿ ಬಹಳ ಸಂತೋಷವಾಯಿತು. ಮೊದಲು ಸುರಕ್ಷತೆಯ ಮಾತು. ಅದರ ಹಿಂದಿನ ಮುಚ್ಚಳವನ್ನು ನೀವು ಬಿಚ್ಚಬಾರದು. ಪಿಕ್ಚರ್ ಟ್ಯೂಬಿನಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಅಟ್ಟದಲ್ಲಿ ವರ್ಷಗಟ್ಟಲೆ ಇದ್ದ ಸೆಟ್ಟಿನೊಳಗೆ ದೂಳು, ಜೇಡರ ಬಲೆ ಕೂತಿರುತ್ತದೆ. ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಸ್ವಚ್ಛ ಮಾಡಿಸಿ, ಚಿತ್ರೀಕರಣದ ದಿನವೂ ಅವರು ಜೊತೆಗಿರುವಂತೆ ನೋಡಿಕೊಳ್ಳಿ.

ಉರುಳುವ ಪಟ್ಟಿ ಟಿವಿಯ ದೋಷವಲ್ಲ. ಮೊಬೈಲ್ ಕ್ಯಾಮೆರಾಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಹಿಡಿಯುತ್ತವೆ, ಟಿವಿ ಬರೆಯುವುದು 50 ಫೀಲ್ಡ್. ಎರಡರ ತಾಳ ಸೇರುವುದಿಲ್ಲ. 24 ಫ್ರೇಮಿನಲ್ಲಿ ಹಿಡಿದರೂ ಸೆಕೆಂಡಿಗೆ ಎರಡು ಸಲದಂತೆ ಪಟ್ಟಿ ಪರದೆಯನ್ನು ದಾಟುತ್ತದೆ. ಕ್ಯಾಮೆರಾವನ್ನು 25 ಫ್ರೇಮಿಗೂ ಶಟರನ್ನು, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿಯನ್ನು, 1/50 ಸೆಕೆಂಡಿಗೂ ಇಡಿ. ಆಗ ಪ್ರತಿ ಫ್ರೇಮಿನಲ್ಲಿ ಸರಿಯಾಗಿ ಒಂದು ಫೀಲ್ಡಿನಷ್ಟು ಬೆಳಕು ದಾಖಲಾಗಿ, ಪಟ್ಟಿ ಕಾಣದಂತಾಗುತ್ತದೆ. ಒಂದು ತೆಳುವಾದ ಹೊಲಿಗೆಯಂತಹ ಗುರುತು ಉಳಿದು ಬಹಳ ನಿಧಾನವಾಗಿ ಸರಿಯಬಹುದು, ಅದರಿಂದ ತೊಂದರೆಯಿಲ್ಲ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ನಮ್ಮ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, 1/50ರ ಶಟರಿನಲ್ಲಿ ಅದರ ತೊಂದರೆಯೂ ನಿವಾರಣೆಯಾಗುತ್ತದೆ. ಇಡೀ ಚಿತ್ರವನ್ನೇ 25 ಫ್ರೇಮಿನಲ್ಲಿ ಮಾಡುವುದು ಉತ್ತಮ.

ಹಳೆಯ ಸೆಟ್ಟಿಗೆ ಆಂಟೆನಾದ ಪಿನ್ನು ಮಾತ್ರ ಇರುವುದರಿಂದ ನಿಮ್ಮ ದೃಶ್ಯಗಳನ್ನು ಅದಕ್ಕೆ ಕಳುಹಿಸಲು ಆರ್‌ಎಫ್ ಮಾಡ್ಯುಲೇಟರ್ ಎಂಬ ಚಿಕ್ಕ ಪೆಟ್ಟಿಗೆ ಬೇಕಾಗುತ್ತದೆ. ಅದರ ಮೂಲಕ ಹೋದ ಚಿತ್ರಕ್ಕೆ ಬೇಕಾದ ಮಬ್ಬು ತಾನಾಗಿ ಬರುತ್ತದೆ, ತಂತಿಯನ್ನು ಅರ್ಧ ಸಡಿಲಿಸಿದರೆ ನಿಜವಾದ ಚುಕ್ಕೆಗಳೂ ಬರುತ್ತವೆ.

ಜಗಲಿಯಲ್ಲಿ ಕೂತವರ ಮುಖದ ಮೇಲಿನ ಬೆಳಕಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಟಿವಿ ನೋಡುವವರ ಮುಖದ ಮೇಲೆ ನೀಲಿ ದೀಪವೊಂದನ್ನು ಪಟಪಟನೆ ಬಡಿಸುವುದನ್ನು ಎಷ್ಟೋ ಚಿತ್ರಗಳಲ್ಲಿ ನೋಡಿದ್ದೇನೆ. ಟಿವಿಯ ಬೆಳಕು ಹಾಗಿರುವುದಿಲ್ಲ. ಪರದೆಯಲ್ಲಿ ದೃಶ್ಯ ಬದಲಾದಾಗ ಮಾತ್ರ ಅದು ಬದಲಾಗುತ್ತದೆ. ವಾರ್ತೆ ಓದುವವರ ಮುಖ ಇರುವಷ್ಟು ಹೊತ್ತು ಒಂದೇ ಸಮನಾಗಿದ್ದು, ಹಾಡು ಬಂದಾಗ ಶಾಟಿನಿಂದ ಶಾಟಿಗೆ ಏರುತ್ತದೆ, ಇಳಿಯುತ್ತದೆ. ದೀಪ ಹಿಡಿದವರು ನಿಮ್ಮ ಹಾಡಿನ ಕಟ್‌ಗಳನ್ನು ಬಾಯಿಪಾಠ ಮಾಡಿಕೊಂಡು ಅದಕ್ಕೆ ಸರಿಯಾಗಿ ಬೆಳಕನ್ನು ಏರಿಳಿಸಿದರೆ ನಿಜದ ಹತ್ತಿರಕ್ಕೆ ಬರುತ್ತದೆ. ಅದಕ್ಕಿಂತಲೂ ಸುಲಭವಾದದ್ದು, ಟಿವಿಯ ಬೆಳಕು ಸಾಲುವಷ್ಟು ಜಗಲಿಯನ್ನು ಕತ್ತಲಾಗಿಟ್ಟು ಅದರ ಬೆಳಕಿನಲ್ಲೇ ಮುಖಗಳನ್ನು ಹಿಡಿಯುವುದು.

ಮೇಷ್ಟ್ರು ಬರೆದ ಒಂದೇ ಗೆರೆಯ ಟಿವಿಯ ಬಗ್ಗೆ ಓದಿದಾಗ ಮನಸ್ಸಿಗೆ ಏನೋ ಆಯಿತು. ನಮ್ಮ ಭಾಷೆಯಲ್ಲಿ ಅದಕ್ಕೆ ವರ್ಟಿಕಲ್ ಹೋಗಿದೆ ಎನ್ನುತ್ತಿದ್ದೆವು, ಅಂತಹ ಸೆಟ್‌ಗಳನ್ನು ನೂರಾರು ನೋಡಿದ್ದೇನೆ. ಬಂದ ಕೂಡಲೇ ಬ್ರೈಟ್‌ನೆಸ್ ಇಳಿಸುವುದು ನಮ್ಮ ಮೊದಲ ಕೆಲಸವಾಗಿತ್ತು, ಏಕೆಂದರೆ ಇಡೀ ಪರದೆಗೆ ಹಂಚಿಹೋಗಬೇಕಾದ ಕಿರಣ ಒಂದೇ ಜಾಗಕ್ಕೆ ಬಿದ್ದು ಫಾಸ್ಫರ್ ಸುಟ್ಟು ಕಲೆಯಾಗಿಬಿಡುತ್ತಿತ್ತು. ಅದನ್ನು ಒಬ್ಬರು ಅರುವತ್ತು ವರ್ಷಗಳ ಹಿಂದೆಯೇ ನೋಡುವ ವಸ್ತುವಾಗಿ ಇಟ್ಟಿದ್ದರೆಂಬುದು ನನಗೆ ಇಂದೇ ತಿಳಿದದ್ದು.

ಚಿತ್ರ ಓಡುವ ದೃಶ್ಯಕ್ಕೆ ಯಾವ ತಂತ್ರಾಂಶವೂ ಬೇಡ. ಸೆಟ್ಟಿನ ಹಿಂಭಾಗದಲ್ಲಿ, ಮುಚ್ಚಳದ ಹೊರಗೇ, ವಿ-ಹೋಲ್ಡ್ ಎಂದು ಬರೆದ ಸಣ್ಣ ಗುಂಡಿಯಿರುತ್ತದೆ. ಕ್ಯಾಮೆರಾ ಓಡುತ್ತಿರುವಾಗ ಟಿವಿಯ ಹಿಂದೆ ಒಬ್ಬರು ಬಗ್ಗಿ ಕೂತು ಅದನ್ನು ಕೂದಲೆಳೆಯಷ್ಟು ತಿರುಗಿಸಲಿ. ಚಿತ್ರ ಮೊದಲು ನಡುಗಿ, ಆಮೇಲೆ ನಿಧಾನವಾಗಿ ಮೇಲಕ್ಕೆ ಜಾರಲು ತೊಡಗುತ್ತದೆ. ಹೆಚ್ಚು ತಿರುಗಿಸಿದರೆ ವೇಗವಾಗಿ ಓಡಿ, ವೈದ್ಯರು ಎಚ್ಚರಿಸಿದ ಮಿಂಚಿನಂತೆಯೇ ಆಗುತ್ತದೆ. ಆದ್ದರಿಂದ ಎರಡು ಸೆಕೆಂಡಿಗೆ ಒಂದು ಸಲ ಪಟ್ಟಿ ಹಾದುಹೋಗುವಷ್ಟರಲ್ಲೇ ಕೈ ನಿಲ್ಲಿಸಲು ಹೇಳಿ.